ಮಣಿಕಟ್ಟಿನ ಗೆರೆ

ನಮ್ಮ ವೃದ್ಧಾಶ್ರಮದಲ್ಲಿ ಅವಳನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಎಲ್ಲರಿಗೂ ಅವಳು ಟೇಪಕ್ಕ. ತೊಂಬತ್ತು ದಾಟಿದ ಅಜ್ಜಿ ಕೂಡ "ಟೇಪಕ್ಕಾ, ಬಾರೇ ಇಲ್ಲಿ" ಅಂತಲೇ ಕೂಗುತ್ತಾಳೆ. ಆಯಾಗಳಿಗೆ ಕೊಡುವ ನೀಲಿ ಕೋಟಿನ ಮೇಲೆ ದರ್ಜಿಗಳ ಹಳದಿ ಟೇಪು ಸದಾ ಅವಳ ಕುತ್ತಿಗೆಯಲ್ಲಿ ಜೋತಾಡುತ್ತಿರುತ್ತದೆ. ಹೊಸದಾಗಿ ಬಂದವರು "ಇದೇನಮ್ಮಾ, ಡಾಕ್ಟರ ಹಾಗೆ?" ಅಂದರೆ, "ಡಾಕ್ಟರು ಎದೆಯೊಳಗಿಂದು ಕೇಳ್ತಾರೆ, ನಾನು ಹೊರಗಿಂದು ಅಳೀತೀನಿ" ಅನ್ನುತ್ತಾಳೆ.

ನಾನು ಅಲ್ಲಿ ರಿಪೇರಿಯವನು. ನಲ್ಲಿ, ಬಲ್ಬು, ಚಿಲಕ, ಗಾಲಿಕುರ್ಚಿ, ಮಂಚ, ಮುರಿದದ್ದು ಕಿರುಗುಟ್ಟಿದ್ದು ಎಲ್ಲ ಹಿಂದುಗಡೆಯ ನನ್ನ ಶೆಡ್ಡಿಗೆ ಬರುತ್ತದೆ. ಇದಕ್ಕೆ ಮೊದಲು ಸೈಕಲ್ ಅಂಗಡಿ, ಅದಕ್ಕೂ ಮೊದಲು ವೆಲ್ಡಿಂಗ್ ಅಂಗಡಿ. ಓದುಬರಹ ಬಲ್ಲವರು ಯಾರಾದರೂ ಕೂತು ಟೇಪಕ್ಕನ ಬಗ್ಗೆ ಬರೆದಿದ್ದರೆ ಚೆನ್ನಾಗಿತ್ತು. ಆದರೆ ನಡೆದದ್ದರಲ್ಲಿ ತಪ್ಪು ನನ್ನದು. ಬೇರೆಯವರು ಬರೆದರೆ ಒಂದೋ ನನ್ನನ್ನು ಜಾಸ್ತಿ ಬೈಯುತ್ತಾರೆ, ಇಲ್ಲ ಪಾಪ ಅಂತ ಬಿಟ್ಟುಬಿಡುತ್ತಾರೆ. ಎರಡೂ ನನಗೆ ಆಗಿಬರುವುದಿಲ್ಲ.

ಅವಳ ಗಂಡ ದರ್ಜಿ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಎರಡು ಮಿಷನ್ನಿನ ಅಂಗಡಿ. ಒಂದರಲ್ಲಿ ಅವನು, ಇನ್ನೊಂದರಲ್ಲಿ ಅವಳು. ಗಂಡಸರ ಅಳತೆ ಅವನು ತೆಗೆಯುತ್ತಿದ್ದ, ಹೆಂಗಸರದ್ದು ಅವಳು. ರೆಡಿಮೇಡ್ ಬಟ್ಟೆ ಬಂದು ಹೊಸದು ಹೊಲಿಸುವವರು ಕಡಿಮೆಯಾದರು. ಜಿಪ್ಪು ಬದಲಾಯಿಸುವುದು, ಉದ್ದ ಮೊಟಕು ಮಾಡುವುದು ಮಾತ್ರ ಉಳಿಯಿತು. ಒಂದು ದಿನ ಅವಳೇ ಮಿಷನ್ ಬಿಟ್ಟು ಎದ್ದಳು. "ಇಬ್ರೂ ಕೂತ್ಕೊಂಡು ಒಂದೇ ಪ್ಯಾಂಟಿನ ಒಂದೊಂದು ಕಾಲು ಹೊಲಿಯೋದಾ? ನೀವು ಹೊಲೀರಿ, ನಾನು ಬೇರೆ ಏನಾದ್ರೂ ನೋಡ್ತೀನಿ" ಅಂತ ಗಂಡನಿಗೆ ಹೇಳಿ ನಮ್ಮಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಒಂಬತ್ತು ವರ್ಷವಾಯಿತು.

ಸೇರಿದ ವಾರದಲ್ಲೇ ಅವಳ ಕಣ್ಣಿಗೆ ಬಿದ್ದದ್ದು ಪೈಜಾಮಗಳು. ವಯಸ್ಸಾದವರ ಮೈ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಬಟ್ಟೆ ಇಳಿಯುವುದಿಲ್ಲವಲ್ಲ. ಸೊಂಟದಿಂದ ಜಾರಿದ ಪೈಜಾಮ ಹಿಮ್ಮಡಿ ಕೆಳಗೆ ಹೋಗುತ್ತದೆ, ಅದನ್ನೇ ತುಳಿದು ಮುಗ್ಗರಿಸುತ್ತಾರೆ. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ನೆಲದ ಮೇಲೆ ಕೂತು ಒಬ್ಬೊಬ್ಬರನ್ನೇ ನಿಲ್ಲಿಸಿ ಕಣಕಾಲಿನ ಮಟ್ಟಕ್ಕೆ ಗುರುತು ಹಾಕಿದಳು. ಹದಿನೈದು ದಿನದಲ್ಲಿ ಇಡೀ ಆಶ್ರಮದ ಪೈಜಾಮ, ನೈಟಿ ಎಲ್ಲ ಗಿಡ್ಡವಾದವು. ಆವತ್ತು ಕುತ್ತಿಗೆಗೆ ಏರಿದ ಟೇಪು ಆಮೇಲೆ ಇಳಿಯಲಿಲ್ಲ.

ಆಳು ಕುಳ್ಳಿ. ನನ್ನ ಎದೆಮಟ್ಟಕ್ಕೂ ಬರುವುದಿಲ್ಲ. ಆದರೆ ಅವಳ ಕೈಯಲ್ಲಿ ಒಬ್ಬ ಅಜ್ಜನೂ ಜಾರಿದ್ದಿಲ್ಲ. ಗಾಲಿಕುರ್ಚಿಯಿಂದ ಯಾರನ್ನಾದರೂ ಏಳಿಸಬೇಕಾದರೆ ಮೊದಲು ಎರಡೂ ಬ್ರೇಕು, ಆಮೇಲೆ ಪಾದ ಇಡುವ ಹಲಗೆ ಎತ್ತುವುದು, ಆಮೇಲೆ ಮಾತು. "ಏಳೋಣ್ವಾ ಅಜ್ಜಿ?" ಅಂತ ಕೇಳುವ ಹೊತ್ತಿಗೆ ಕುರ್ಚಿ ಗೋಡೆ ಇದ್ದ ಹಾಗೆ ನಿಂತಿರುತ್ತದೆ. ತೋಳು ಹಿಡಿದು ಎಳೆಯುವುದು ಅವಳ ಕಣ್ಣಿಗೆ ಬಿದ್ದರೆ ಮುಗಿಯಿತು. ಸೊಂಟಕ್ಕೆ ಹಿಡಿಕೆಯಿರುವ ಕ್ಯಾನ್ವಾಸ್ ಬೆಲ್ಟು ಕಟ್ಟಿ, ಆ ಹಿಡಿಕೆಯನ್ನು ಹಿಡಿದೇ ಏಳಿಸಬೇಕು. ಹೊಸ ಆಯಾ ಒಬ್ಬಳು ಅವಸರದಲ್ಲಿ ಒಂದೇ ಬ್ರೇಕ್ ಹಾಕಿ ಏಳಿಸಲು ಹೋದಾಗ ಟೇಪಕ್ಕ ಹೇಳಿದ್ದು ನನಗಿನ್ನೂ ನೆನಪಿದೆ. "ಒಂದೇ ಬ್ರೇಕ್ ಹಾಕಿದ್ರೆ ಕುರ್ಚಿ ಗಿರಕಿ ಹೊಡೆಯುತ್ತೆ ತಾಯೀ. ಅಜ್ಜೀನ ಡ್ಯಾನ್ಸ್ ಮಾಡಿಸ್ತೀಯಾದ್ರೆ ಮೊದಲೇ ಹೇಳು, ಹಾಡು ಹಾಕ್ತೀನಿ."

ಹೋದ ವರ್ಷ ಯಾರೋ ಪುಣ್ಯಾತ್ಮರು ಹದಿನಾಲ್ಕು ವಾಕರ್ ದಾನ ಕೊಟ್ಟರು. ಮುಂದೆ ಇಟ್ಟುಕೊಂಡು, ಹಿಡಿದು ನಡೆಯುವ ನಾಲ್ಕು ಕಾಲಿನ ಅಲ್ಯುಮಿನಿಯಂ ಚೌಕಟ್ಟು. ಪ್ರತಿ ಕಾಲಿನೊಳಗೆ ಇನ್ನೊಂದು ಕೊಳವೆ, ಅದರಲ್ಲಿ ಸಾಲಾಗಿ ತೂತು, ಸ್ಪ್ರಿಂಗಿನ ಗುಂಡಿ. ಗುಂಡಿ ಒತ್ತಿ ಎತ್ತರ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಬಂದ ಮೂರನೇ ದಿನವೇ, ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಗಿಡ್ಡನೆಯ ಟೀಚರ್ ಅಜ್ಜಿ ಹಿಡಿದಿದ್ದ ವಾಕರಿನ ಗುಂಡಿ ಒಳಕ್ಕೆ ಹೋಗಿ ಒಂದು ಕಾಲು ನಾಲ್ಕು ಬೆರಳು ಕುಸಿಯಿತು. ಮಂಚ ಪಕ್ಕದಲ್ಲೇ ಇತ್ತು, ಅಜ್ಜಿ ಅದರ ಮೇಲೆ ಕೂತುಬಿಟ್ಟರು. ಇಲ್ಲದಿದ್ದರೆ ಕಥೆ ಬೇರೆಯಾಗುತ್ತಿತ್ತು.

ನನ್ನ ತಲೆ ಕೆಟ್ಟಿತು. ಎರಡು ಕಾಸಿನ ಸ್ಪ್ರಿಂಗ್ ನಂಬಿಕೊಂಡು ವಯಸ್ಸಾದವರನ್ನು ನಡೆಸುತ್ತಾರಾ? ಹದಿನಾಲ್ಕನ್ನೂ ಶೆಡ್ಡಿಗೆ ಹೊತ್ತುಕೊಂಡು ಹೋದೆ. ಮರದಲ್ಲಿ ಒಂದು ಅಚ್ಚು ಮಾಡಿ, ಎಲ್ಲವನ್ನೂ ಅದರಲ್ಲಿ ಕೂರಿಸಿ, ಎಲ್ಲ ಕಾಲುಗಳನ್ನೂ ಐದನೇ ತೂತಿಗೆ ನಿಲ್ಲಿಸಿ, ಮತ್ತೆ ಬಿಚ್ಚಲು ಬರದ ಹಾಗೆ ಆರಪಾರ ರಿವೆಟ್ ಹೊಡೆದೆ. ಇನ್ನು ಆನೆ ಹತ್ತಿದರೂ ಕುಸಿಯಬಾರದು. ಐದನೇ ತೂತೇ ಯಾಕೆ ಅಂದರೆ, ನನ್ನ ಮೇಜಿನ ಎತ್ತರಕ್ಕೆ ಅದು ಸರಿಯಾಗಿ ಬರುತ್ತಿತ್ತು. ಬೇರೆ ಕಾರಣವೇನೂ ಇರಲಿಲ್ಲ.

ಕಾರಿಡಾರಿನಲ್ಲಿ ಸಾಲಾಗಿ ನಿಲ್ಲಿಸಿ, ಮೇಲೆ ಉದ್ದದ ಹಲಗೆ ಹಾಕಿ ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ನಡುವಿನಿಂದ ಅಲ್ಲಾಡಲಿಲ್ಲ. ಮೇಲ್ವಿಚಾರಕಿ ಮೇಡಂ ಬಂದು ನೋಡಿ, "ಪರೇಡ್ ನಿಂತ ಹಾಗಿದೆಯಲ್ಲ!" ಅಂದರು. ಆವತ್ತು ಮನೆಗೆ ಹೋಗಿ ಹೆಂಡತಿಗೂ ಇದನ್ನು ಎರಡು ಸಲ ಹೇಳಿದೆ.

ಆರು ವಾರದೊಳಗೆ ವಾಕರ್ ಹಿಡಿದವರು ಐದು ಸಲ ಬಿದ್ದರು. ಅದರಲ್ಲಿ ಎರಡು ಸಲ ಬಿದ್ದದ್ದು ಡ್ರೈವರ್ ಅಜ್ಜ.

ಮೂವತ್ತೈದು ವರ್ಷ ಬಸ್ಸು ಓಡಿಸಿದ ಮನುಷ್ಯ. ಆರಡಿ ಉದ್ದ, ಎಂಬತ್ತು ದಾಟಿದೆ, ಎಡಗಾಲಿನ ಮಂಡಿ ಮಾತು ಕೇಳುವುದಿಲ್ಲ. ಬಾಯಿ ಮಾತ್ರ ಇನ್ನೂ ಹಾರ್ನು. ಊಟ ತಡವಾದರೂ ಸುಮ್ಮನಿರುತ್ತಾನೆ, ಟಿವಿ ಕೆಟ್ಟರೂ ಸುಮ್ಮನಿರುತ್ತಾನೆ. ಒಂದೇ ಒಂದು ವಿಷಯದಲ್ಲಿ ರಾಜಿಯಿಲ್ಲ. ಬಚ್ಚಲಿಗೆ ತಾನೇ ಹೋಗಬೇಕು, ತಾನೇ ಬರಬೇಕು. ಆಯಾಗಳು ಹಾಸಿಗೆಗೇ ಪಾತ್ರೆ ಹಿಡಿದು ಬಂದರೆ, "ಅರವತ್ತು ಜನಾನ ಕೂರಿಸ್ಕೊಂಡು ಊರೂರು ಸುತ್ತಿದ್ದೀನಿ. ನನ್ನೊಬ್ಬನ್ನ ನಾನು ಬಚ್ಚಲಿಗೆ ಕರ್ಕೊಂಡು ಹೋಗಕ್ಕಾಗಲ್ವಾ? ತಗೊಂಡು ಹೋಗ್ರೀ ಅದನ್ನ" ಅಂತ ಅಟ್ಟುತ್ತಾನೆ.

ಎರಡನೇ ಸಲ ಬಿದ್ದು ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದ ದಿನ ಮೇಡಂ ನಮ್ಮನ್ನೆಲ್ಲ ಕರೆದರು. "ಮೂರನೇ ಸಲ ಬಿದ್ರೆ ಸೊಂಟಾನೇ ಮುರಿಯೋದು. ಅವರ ಮಗಳಿಗೆ ನಾನು ಏನಂತ ಫೋನ್ ಮಾಡ್ಲಿ? ಮುಂದಿನ ಸೋಮವಾರ ಡಾಕ್ಟರ್ ಬರ್ತಾರೆ. ಅವರನ್ನ ಮಲಗೋ ಹಾಲಿಗೆ ಹಾಕಿಬಿಡೋಣ."

ಮಲಗೋ ಹಾಲ್ ಅಂದರೆ ಕೊನೆಯ ಹಾಲು. ಅಲ್ಲಿನ ಮಂಚಗಳಿಗೆ ಎರಡೂ ಕಡೆ ಕಂಬಿ. ಡಯಾಪರು, ತಲೆದಿಂಬಿನ ಪಕ್ಕ ಒಂದು ಗಂಟೆ. ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಅದರಲ್ಲಿ ದೂರುವ ಹಾಗಿಲ್ಲ. ಆದರೆ ಅಲ್ಲಿಗೆ ಹೋದವರು ಮತ್ತೆ ತಮ್ಮ ಕಾಲ ಮೇಲೆ ನಿಂತದ್ದನ್ನು ನಾನು ನೋಡಿಲ್ಲ. ಮೇಡಂ ಕೆಟ್ಟವರಲ್ಲ.

ಯಾಕೆ ಬೀಳುತ್ತಿದ್ದಾರೆ ಅಂತ ಎಲ್ಲರೂ ಒಬ್ಬರ ಮೇಲೊಬ್ಬರು ಹಾಕಿದರು. ಮೇಡಂ ಆಯಾಗಳಿಗೆ ಅಂದರು, ಆಯಾಗಳು ನೆಲ ಒರೆಸುವವಳ ಸೋಪಿನ ನೀರಿಗೆ ಅಂದರು, ನಾನು ಡ್ರೈವರ್ ಅಜ್ಜನ ಸವೆದ ಚಪ್ಪಲಿಗೆ ಅಂದೆ. ಟೇಪಕ್ಕ ಯಾರಿಗೂ ಏನೂ ಅನ್ನಲಿಲ್ಲ. ನಾಲ್ಕು ದಿನ ಕಾರಿಡಾರಿನಲ್ಲಿ ಯಾರು ವಾಕರ್ ಹಿಡಿದು ಹೋದರೂ ಅವರ ಭುಜ, ಮೊಣಕೈ, ಬೆನ್ನು ನೋಡುತ್ತಾ ನಿಲ್ಲುತ್ತಿದ್ದಳು. ಅಂಗಿ ಟ್ರಯಲ್ ಹಾಕಿಸಿ ನೋಡುವ ದರ್ಜಿಯ ಹಾಗೆ.

ಗುರುವಾರ ಚಹಾದ ಹೊತ್ತಿಗೆ ಶೆಡ್ಡಿಗೆ ಬಂದಳು.

"ಅಣ್ಣಾ, ಆ ರಿವೆಟ್ ಎಲ್ಲ ತೆಗೀಬೇಕು."

"ಯಾವ ರಿವೆಟ್?"

"ವಾಕರಿಂದು. ಎಲ್ಲಾ ಒಂದೇ ಎತ್ತರ ಮಾಡಿದ್ದೀಯ. ಡ್ರೈವರ್ ಅಜ್ಜಂಗೆ ತೊಡೆ ಹತ್ರ ಬರುತ್ತೆ, ಬಗ್ಗಿ ನೆಲ ನೋಡ್ಕೊಂಡು ಹೋಗ್ತಾರೆ, ಭಾರ ಎಲ್ಲ ಮುಂದಕ್ಕೆ. ಟೀಚರ್ ಅಜ್ಜಿಗೆ ಅದೇ ಪಕ್ಕೆ ಹತ್ರ ಬರುತ್ತೆ, ಭುಜ ಕಿವಿಗೆ ಏರಿಸ್ಕೊಂಡು ಹೋಗ್ತಾರೆ, ಕೈಗೆ ಬಲಾನೇ ಸಿಗಲ್ಲ."

ನನಗೆ ಉರಿದುಹೋಯಿತು. "ಗುಂಡಿ ಕುಸಿದು ಬೀಳ್ತಿದ್ದಾಗ ಎಲ್ಲಿದ್ದೆ ನೀನು? ಎರಡು ದಿನ ಊಟ ಬಿಟ್ಟು ಹೊಡೆದಿದ್ದೀನಿ ಅದನ್ನ. ರಸಮಟ್ಟ ಇಟ್ಟು ನೋಡಿದ್ದೀನಿ, ಒಂದು ಕೂದಲೆಳೆ ವ್ಯತ್ಯಾಸ ಇಲ್ಲ!"

"ಅದೇ ಅಣ್ಣಾ ತೊಂದರೆ. ವಾಕರಲ್ಲಿ ವ್ಯತ್ಯಾಸ ಇಲ್ಲ, ಹಿಡಿಯೋರಲ್ಲಿ ಇದೆ. ಹದಿನಾಲ್ಕು ಜನಕ್ಕೆ ಒಂದೇ ಅಳತೆ ಅಂಗಿ ಹೊಲಿದು, ಸಾಲಾಗಿ ನೇತುಹಾಕಿ, ಎಷ್ಟು ಚೆಂದ ಇದೆ ನೋಡಿ ಅಂದ್ರೆ ನಮ್ಮನೆಯವರಿಗೆ ಗಿರಾಕಿ ಏನಂತಿದ್ರು?"

"ನಿನ್ನ ಹೊಲಿಗೆ ಕೆಲಸಾನೇ ಬೇರೆ, ನನ್ನ ಲೋಹದ ಕೆಲಸಾನೇ ಬೇರೆ. ಇಲ್ಲಿ ಬಂದು ನನಗೆ ಪಾಠ ಹೇಳ್ಬೇಡ."

"ಪಾಠ ಬೇಡ ಬಿಡು. ನಾಳೆ ಬೆಳಿಗ್ಗೆ ಡ್ರೈವರ್ ಅಜ್ಜನ ವಾಕರ್ ಹಿಡ್ಕೊಂಡು ನೀನೇ ಒಂದ್ಸಲ ಬಚ್ಚಲಿಗೆ ಹೋಗಿ ಬಾ. ನೀನೂ ಅಷ್ಟೇ ಉದ್ದ ಇದ್ದೀಯಲ್ಲ."

"ಬರ್ತೀನಿ. ಓಡ್ಕೊಂಡು ಹೋಗಿ ಬರ್ತೀನಿ" ಅಂದೆ.

ಶುಕ್ರವಾರ ಬೆಳಿಗ್ಗೆ ಕಾರಿಡಾರಿನ ಎರಡೂ ಕಡೆ ಬಾಗಿಲಲ್ಲಿ ಜನ. ಯಾರು ಹೇಳಿದರೋ, ಬಹುಶಃ ಅವಳೇ. ಹಾಲಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಡ್ರೈವರ್ ಅಜ್ಜ ಕೂಗಿದ. "ಏನಪ್ಪಾ ರಿಪೇರಿ, ನಿನಗೂ ವಯಸ್ಸಾಗಿಹೋಯ್ತಾ?"

ವಾಕರ್ ಹಿಡಿಯುವ ಮೊದಲೇ ಟೇಪಕ್ಕ ಕ್ಯಾನ್ವಾಸ್ ಬೆಲ್ಟು ತಂದು ನನ್ನ ಸೊಂಟಕ್ಕೆ ಸುತ್ತಿದಳು.

"ಇದ್ಯಾಕೆ?"

"ರೂಲ್ಸು. ವಾಕರ್ ಹಿಡಿದವರಿಗೆ ಮೊದಲ ದಿನ ಬೆಲ್ಟ್. ನಿನ್ನೊಬ್ಬನಿಗೋಸ್ಕರ ರೂಲ್ಸ್ ಬದಲಾಯಿಸಕ್ಕಾಗುತ್ತಾ? ಹೊಟ್ಟೆ ಒಳಗೆ ಎಳ್ಕೋ, ಕೊಂಡಿ ಹತ್ತಲ್ಲ."

ಎಲ್ಲರೂ ನಕ್ಕರು. ನಾನು ವಾಕರ್ ಹಿಡಿದು ಆ ತುದಿಗೆ ಹೋಗಿ ಈ ತುದಿಗೆ ಬಂದೆ. ಬೆನ್ನು ಸ್ವಲ್ಪ ಬಗ್ಗಿತು, ಅಷ್ಟೇ. "ನೋಡಿದ್ಯಾ? ಏನಾಯ್ತು?" ಅಂದೆ.

"ಏನೂ ಆಗಲ್ಲ, ನಿನ್ನ ಕಾಲು ಗಟ್ಟಿ ಇದೆ. ಈಗ ಎಡಗಾಲು ಇಲ್ಲ ಅಂದ್ಕೋ. ಬರೀ ಬೆರಳ ತುದಿ ನೆಲಕ್ಕೆ ಮುಟ್ಟಿಸು. ಭಾರ ಕೈ ಮೇಲೆ ಹಾಕು. ಅಜ್ಜ ಹಾಕೋ ಹಾಗೆ."

ಹಾಕಿದೆ. ಮೊದಲನೇ ಹೆಜ್ಜೆ ಸರಿ. ಎರಡನೇ ಹೆಜ್ಜೆಗೆ ತಲೆ ವಾಕರಿನ ಮುಂದಿನ ಕಂಬಿ ದಾಟಿ ಆಚೆ ಹೋಗಿತ್ತು. ನೆಲ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮೂರನೇ ಹೆಜ್ಜೆಗೆ ಕೈ ಊರಿದೆ ನೋಡಿ, ಹಿಂದಿನ ಎರಡು ಕಾಲು ಮೇಲೆದ್ದವು. ನಾನು, ವಾಕರು, ಇಬ್ಬರೂ ಒಟ್ಟಿಗೆ ಗೋಡೆಯ ಕಡೆಗೆ. ಆ ಕ್ಷಣದಲ್ಲಿ ಆದ ಭಯ ನಾನು ಏಣಿಯಿಂದ ಬಿದ್ದಾಗಲೂ ಆಗಿರಲಿಲ್ಲ. ಹಿಡಿದುಕೊಳ್ಳಲು ಏನೂ ಇಲ್ಲ. ಹಿಡಿದಿರುವುದೇ ನನ್ನನ್ನು ಬೀಳಿಸುತ್ತಿದೆ.

ಹಣೆಗೂ ಗೋಡೆಗೂ ಒಂದು ಗೇಣು ಇರುವಾಗ ಸೊಂಟದಲ್ಲಿ ಜಗ್ಗಿದಂತಾಯಿತು. ಆ ಕುಳ್ಳಿ ಹಿಂದಿನಿಂದ ಬೆಲ್ಟಿನ ಹಿಡಿಕೆ ಹಿಡಿದು, ಮಂಡಿ ಮಡಚಿ ನೆಲಕ್ಕೆ ಬೇರು ಬಿಟ್ಟ ಹಾಗೆ ನಿಂತಿದ್ದಳು.

ಕಾರಿಡಾರ್ ಪೂರ್ತಿ ನಗು. ಟೀಚರ್ ಅಜ್ಜಿ ಚಪ್ಪಾಳೆ ತಟ್ಟಿದರು. ಡ್ರೈವರ್ ಅಜ್ಜ ಮಾತ್ರ ನಗಲಿಲ್ಲ. ಹುಬ್ಬಿನ ಹೊಲಿಗೆ ಮುಟ್ಟಿಕೊಂಡು, "ಹೀಗೇ ಆಗಿದ್ದು ನನಗೂ. ಇದೇ ಜಾಗದಲ್ಲಿ" ಅಂದ.

ನಾನು ಬೆಲ್ಟು ಕಿತ್ತು ಬಿಸಾಕಿ ಶೆಡ್ಡಿಗೆ ಹೋದೆ. ಒಂದು ಗಂಟೆ ಏನೇನೋ ಕುಟ್ಟಿದೆ. ಏನು ಕುಟ್ಟಿದೆನೋ ದೇವರಿಗೇ ಗೊತ್ತು. ಯಾರಾದರೂ ಬಂದು ಒಂದು ಮಾತು ಆಡಿದ್ದರೂ ಸುತ್ತಿಗೆ ಬಿಸಾಡುವವನಿದ್ದೆ. ಬಂದವಳು ಅವಳೇ. ಬಾಗಿಲ ಹತ್ತಿರದ ಡಬ್ಬದ ಮೇಲೆ ಕೂತು, ಟೇಪು ಸುತ್ತುವುದು ಬಿಚ್ಚುವುದು ಮಾಡುತ್ತಿದ್ದಳು. ನಾನೇ ಕೊನೆಗೆ, "ಏನೀಗ? ಎಲ್ಲರ ಮುಂದೆ ಮಾನ ಕಳೆದಾಯ್ತಲ್ಲ" ಅಂದೆ.

"ನಮ್ಮತ್ತೆ ಹೆಂಗೆ ಬಿದ್ರು ಗೊತ್ತಾ ಅಣ್ಣಾ?" ಅಂದಳು. "ಮಾವ ನಿನ್ನ ಹಾಗೆ ಉದ್ದ. ಮಾವ ಹೋದ್ಮೇಲೆ ಅತ್ತೆ ಅವರ ಕೋಲೇ ಹಿಡ್ಕೊಂಡು ಓಡಾಡೋರು. ಎದೆ ಹತ್ರ ಬರ್ತಿತ್ತು ಅವರಿಗೆ. ಕೊಯ್ಯೋಣ ಅಂದ್ರೆ, ಅವರ ಕೋಲು ಕೊಯ್ಯೋದಾ ಅಂತ ಅಳೋರು. ನಾವೂ ಸುಮ್ನಾದ್ವಿ. ಬಚ್ಚಲ ಹೊಸಿಲು ದಾಟ್ತಾ ಕೋಲು ಊರಕ್ಕೆ ಕೈ ಮೇಲೆತ್ತಿದ್ರು, ಹಿಂದಕ್ಕೆ ಹೋದ್ರು. ಎಂಟು ತಿಂಗಳು ಮಲಗಿದ್ದಲ್ಲೇ. ಮೈ ತಿರುಗಿಸಿ ಮಲಗಿಸ್ತಿದ್ದೋಳು ನಾನೇ." ಟೇಪನ್ನು ಪೂರ್ತಿ ಸುತ್ತಿ ಮುಷ್ಟಿಯಲ್ಲಿ ಹಿಡಿದಳು. "ಒಂದು ಗೇಣು ಕೊಯ್ದಿದ್ರೆ ಸಾಕಾಗ್ತಿತ್ತು. ದಿನಾ ಕತ್ತರಿ ಹಿಡಿಯೋಳು ನಾನು, ಒಂದು ದಿನ ಗರಗಸ ಹಿಡೀಲಿಲ್ಲ. ಡ್ರೈವರ್ ಅಜ್ಜ ಆ ಹಾಲಿಗೆ ಹೋಗೋದು ಬೇಡ ಅಣ್ಣಾ. ಅವರು ಅಲ್ಲಿ ಬದುಕಲ್ಲ."

ನಾನು ಸುತ್ತಿಗೆ ಕೆಳಗಿಟ್ಟೆ. ಆಮೇಲೆ ಕೇಳಿದೆ. "ರಿವೆಟ್ ತೆಗೆದ್ರೆ ಮತ್ತೆ ಗುಂಡಿ ಕುಸಿಯುತ್ತಲ್ಲ, ಅದಕ್ಕೇನ್ಮಾಡ್ತೀಯ?"

"ಅದು ನಿನ್ನ ಕೆಲಸ. ಎತ್ತರ ನಾನು ಹೇಳ್ತೀನಿ, ಅಲ್ಲಾಡದ ಹಾಗೆ ನೀನು ನಿಲ್ಲಿಸು."

ಅಷ್ಟು ಹೊತ್ತು ಎಲ್ಲಿ ಹೋಗಿತ್ತೋ ನನ್ನ ಬುದ್ಧಿ. ರಿವೆಟ್ ಬೇಡ, ಬೋಲ್ಟು ಹಾಕಿ ಹಿಂದೆ ಲಾಕ್ ನಟ್ ಬಿಗಿದರೆ ಆಯಿತು. ಕುಸಿಯುವುದೂ ಇಲ್ಲ, ಬೇಕಾದಾಗ ಬಿಚ್ಚಿ ಎತ್ತರ ಬದಲಾಯಿಸಲೂಬಹುದು. ಆವತ್ತೇ ಡ್ರಿಲ್ ಹಿಡಿದು ಕೂತೆ. ಹದಿನಾಲ್ಕು ವಾಕರು, ಐವತ್ತಾರು ಕಾಲು. ನಾನೇ ಎಷ್ಟು ಗಟ್ಟಿಯಾಗಿ ಹೊಡೆದಿದ್ದೆ ಅಂದರೆ, ತೆಗೆಯುವಾಗ ಹೊಡೆದವನಿಗೆ ಬಾಯಿಗೆ ಬಂದ ಹಾಗೆ ಬೈದೆ.

ಶನಿವಾರ ಪೂರ್ತಿ ಅಳತೆ. ಅವಳ ಅಳತೆ ಬಹಳ ಸುಲಭದ್ದು. ನೆಟ್ಟಗೆ ನಿಂತು ಕೈ ಎರಡೂ ಸುಮ್ಮನೆ ಇಳಿಬಿಡಬೇಕು. ಅಂಗೈ ಮುಗಿದು ತೋಳು ಶುರುವಾಗುವ ಕಡೆ, ಮಣಿಕಟ್ಟಿನಲ್ಲಿ ಒಂದು ಗೆರೆ ಇದೆಯಲ್ಲ, ಹಿಡಿಕೆ ಆ ಗೆರೆಗೆ ಬರಬೇಕು. ಆಗ ಹಿಡಿದುಕೊಂಡರೆ ಮೊಣಕೈ ಒಂಚೂರು ಮಡಚುತ್ತದೆ, ಬೆನ್ನು ನೆಟ್ಟಗಿರುತ್ತದೆ. ಅವಳು ನೆಲದ ಮೇಲೆ ಕೂತು ಟೇಪು ಹಿಡಿದು "ಮೂರನೇ ತೂತು", "ಏಳನೇ ತೂತು" ಅಂತ ಕೂಗುವುದು, ನಾನು ಬಿಗಿಯುವುದು. ಬರಿಗಾಲಲ್ಲಿ ಬಂದವರನ್ನೆಲ್ಲ ವಾಪಸ್ಸು ಕಳಿಸಿದಳು. "ನಡೆಯೋದು ಏನು ಹಾಕ್ಕೊಂಡು? ಅದನ್ನೇ ಹಾಕ್ಕೊಂಡು ಬನ್ನಿ. ಅಂಗಿ ಅಳತೆಗೆ ಬನಿಯನ್ ಬಿಚ್ಚಿ ನಿಲ್ತೀರಾ?" ಅಂತ. ಕಾಲಿನ ತುದಿಯ ರಬ್ಬರ್ ಬುಷ್ಷುಗಳನ್ನು ಬೆರಳಲ್ಲಿ ಸವರಿ, ಸವೆದು ನುಣ್ಣಗಾದದ್ದನ್ನೆಲ್ಲ ಕಿತ್ತು ನನ್ನ ಮಡಿಲಿಗೆ ಎಸೆದಳು.

ಇನ್ನೊಂದು ವಿಷಯ ಅವಳಿಗೇ ಹೊಳೆದದ್ದು. ನಮ್ಮಲ್ಲಿ ದಿನಾ ಮಧ್ಯಾಹ್ನ ನೆಲ ಒರೆಸುವಾಗ ವಾಕರುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕುತ್ತಾರೆ, ಆಮೇಲೆ ಕೈಗೆ ಸಿಕ್ಕಿದ್ದನ್ನು ಸಿಕ್ಕವರಿಗೆ ಕೊಡುತ್ತಾರೆ. ಹಾಗಾದರೆ ಅಳತೆ ತೆಗೆದು ಏನು ಸುಖ? ಭಾನುವಾರ ಒಬ್ಬೊಬ್ಬರ ಹಳೆಯ ಬಟ್ಟೆಯಿಂದ ಒಂದೊಂದು ಪಟ್ಟಿ ಕತ್ತರಿಸಿಕೊಂಡು, ಗಂಡನ ಅಂಗಡಿಗೆ ಹೋಗಿ ಮಿಷನ್ನಿನಲ್ಲಿ ಹೊಲಿಸಿಕೊಂಡು ಬಂದು ಅವರವರ ವಾಕರಿಗೆ ಸುತ್ತಿದಳು. ಕನ್ನಡಕ ಮರೆತವರಿಗೂ ತಮ್ಮ ಹಳೇ ಅಂಗಿ ಗುರುತು ಸಿಗುತ್ತದೆ. ಗಂಡ ಪಟ್ಟಿ ಕೊಡುವ ನೆಪದಲ್ಲಿ ತಾನೂ ಬಂದಿದ್ದ. "ನೋಡಿ ಸ್ವಾಮಿ, ಮನೇಲಿ ನನ್ನ ಅಂಗಿಗೆ ಎರಡು ಗುಂಡಿ ಇಲ್ಲ, ಇಲ್ಲಿ ವಾಕರಿಗೆ ಅಂಗಿ ತೊಡಿಸ್ತಿದ್ದಾಳೆ" ಅಂತ ನನ್ನ ಹತ್ತಿರ ದೂರಿದ. "ದರ್ಜಿ ಅಂಗಿಗೆ ಗುಂಡಿ ಇಲ್ಲ ಅಂದ್ರೆ ನಾಚಿಕೆ ಯಾರಿಗೆ?" ಅಂತ ಅಲ್ಲಿಂದಲೇ ಉತ್ತರ ಬಂತು.

ಶನಿವಾರ ಎಲ್ಲರ ಅಳತೆಯೂ ಆಗಿ ಕೊನೆಗೆ ಡ್ರೈವರ್ ಅಜ್ಜ. ಅವನಿಗೆ ಸೋಮವಾರದ ವಿಷಯ ಗೊತ್ತಿತ್ತು. ಎದೆ ಉಬ್ಬಿಸಿ, ಕೈ ಎರಡೂ ಕೋಲಿನ ಹಾಗೆ ಬಿಗಿಹಿಡಿದು ನಿಂತ.

"ಸೈನ್ಯಕ್ಕೆ ಸೇರ್ತಿದ್ದೀರಾ ಅಜ್ಜ? ಕೈ ಬಿಡಿ ಸುಮ್ನೆ."

"ನಾನು ಇರೋದೇ ಹೀಗೆ."

"ಸುಳ್ಳು ಅಳತೆ ಕೊಟ್ರೆ ಅಂಗಿ ನಿಮಗೇ ಬಿಗಿಯಾಗೋದು."

ಕೈ ಬಿಟ್ಟ. ಎಂಟನೇ ತೂತು. ನಾನು ಇಟ್ಟದ್ದಕ್ಕಿಂತ ಮೂರು ತೂತು ಮೇಲೆ. ಕೊಟ್ಟ ಕೂಡಲೇ "ಎತ್ತರ ಆಯ್ತು, ಬೇಡ" ಅಂದ. ಆರು ವಾರ ಬಗ್ಗಿ ನಡೆದು ಅದೇ ಅಭ್ಯಾಸವಾಗಿತ್ತು. ಅದಕ್ಕಿಂತ ದೊಡ್ಡ ತೊಂದರೆ ಅವನು ಏಳುವ ರೀತಿಯಲ್ಲಿತ್ತು. ಮಂಚದ ಅಂಚಿಗೆ ಕೂತು, ವಾಕರಿನ ಎರಡೂ ಹಿಡಿಕೆ ಹಿಡಿದು, ಸ್ಟೇರಿಂಗ್ ಎಳೆದ ಹಾಗೆ ಜಗ್ಗಿ ಏಳುತ್ತಿದ್ದ. ಮೊದಲನೇ ಸಲ ಬಿದ್ದದ್ದು ಹಾಗೇ.

"ಇದು ಬಸ್ಸಲ್ಲ ಅಜ್ಜ, ನೆಲಕ್ಕೆ ಬೋಲ್ಟ್ ಹಾಕಿಲ್ಲ. ನೀವು ಎಳೆದ್ರೆ ಇದೂ ನಿಮ್ಮ ಮೇಲೇ ಬರುತ್ತೆ. ಕೈ ಹಾಸಿಗೆಗೆ ಊರಿ, ಹಾಸಿಗೆ ತಳ್ಳಿ ಏಳಿ. ನಿಂತು ಸಮಾಧಾನ ಆದ್ಮೇಲೆ ಇದನ್ನ ಹಿಡೀರಿ."

"ಮೂವತ್ತೈದು ವರ್ಷ ಹಿಡಿದು ಎದ್ದು ಅಭ್ಯಾಸ ಕಣೇ."

"ಗೊತ್ತು. ಅದಕ್ಕೇ ಇಪ್ಪತ್ತು ಸಲ ಮಾಡಿಸ್ತೀನಿ."

ಭಾನುವಾರ ಸಂಜೆವರೆಗೆ ಇಪ್ಪತ್ತಲ್ಲ, ಮೂವತ್ತು ಸಲವೇ ಮಾಡಿಸಿರಬೇಕು. ಹತ್ತರಲ್ಲಿ ಆರು ಸಲ ಅಜ್ಜನ ಕೈ ಸೀದಾ ಹಿಡಿಕೆಗೇ ಹೋಗುತ್ತಿತ್ತು. ಅವಳು ಬೈದಳು, ನಗಿಸಿದಳು, ಕೊನೆಗೆ ಕೈ ಮೇಲೆ ಸಣ್ಣಗೆ ಟೇಪಿನಲ್ಲಿ ಹೊಡೆದಳು. ಅವನೂ ಅವಳನ್ನು ರಾಕ್ಷಸಿ ಅಂತ ಕರೆದ.

ಸೋಮವಾರ ಹತ್ತು ಗಂಟೆಗೆ ಡಾಕ್ಟರು ಬಂದರು. ಮೇಡಂ, ಡಾಕ್ಟರು, ಟೇಪಕ್ಕ, ನಾನು. ಮಂಚದ ಪಕ್ಕ ಸಾಲಾಗಿ ನಿಂತೆವು. ಟೇಪಕ್ಕ ಅಜ್ಜನ ಸೊಂಟಕ್ಕೆ ಬೆಲ್ಟು ಕಟ್ಟಿದಳು. ಮೇಡಂ, "ನೀನು ಹಿಂದೆ ಇರು, ಬಿದ್ರೆ ಮಾತ್ರ ಹಿಡಿ. ಹೇಳಿಕೊಡಬೇಡ, ಸನ್ನೆ ಮಾಡಬೇಡ. ಅವರಿಗೇ ನೆನಪಿರುತ್ತಾ ನೋಡೋಣ. ಇಲ್ಲಾಂದ್ರೆ ಇವತ್ತೇ ಮಂಚ ಬದಲಾಯಿಸೋದು" ಅಂದರು. ಅವಳು ತುಟಿ ಕಚ್ಚಿಕೊಂಡು ಹೂಂ ಅಂದಳು.

"ಅಜ್ಜ, ಬಚ್ಚಲಿಗೆ ಹೋಗಿ ಬನ್ನಿ" ಅಂದರು ಡಾಕ್ಟರು.

ಅಜ್ಜ ಮಂಚದ ಅಂಚಿಗೆ ಸರಿದ. ಚಪ್ಪಲಿ ಸರಿಯಾಗಿ ಮೆಟ್ಟಿಕೊಂಡ. ಹಳೇ ಖಾಕಿ ಅಂಗಿಯ ಪಟ್ಟಿ ಸುತ್ತಿದ ವಾಕರ್ ಎದುರಿಗಿತ್ತು. ಅವನ ಎರಡೂ ಕೈ ಮೇಲೆದ್ದು ಸೀದಾ ಅದರ ಹಿಡಿಕೆಗೆ ಹೋದವು. ಬೆರಳು ಮುಚ್ಚಿದವು. ಟೇಪಕ್ಕನ ಕಡೆ ನೋಡಿದೆ. ಅವಳು ಗೋಡೆ ನೋಡುತ್ತಿದ್ದಳು, ಕೆಮ್ಮಲಿಲ್ಲ ಕೂಡ. ಕುತ್ತಿಗೆಯ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಅದೊಂದೇ.

ಅಜ್ಜ ಹಾಗೇ ಎಷ್ಟು ಹೊತ್ತು ಇದ್ದನೋ. ಆಮೇಲೆ ತನ್ನ ಕೈಗಳನ್ನೇ ನೋಡಿದ. "ಥೂ" ಅಂತ ತನಗೇ ಅಂದುಕೊಂಡ. ಹಿಡಿಕೆ ಬಿಟ್ಟ. ಅಂಗೈ ಎರಡನ್ನೂ ಹಾಸಿಗೆಗೆ ಊರಿ, ಮುಂದಕ್ಕೆ ಬಾಗಿ, ತಳ್ಳಿ ಎದ್ದು ನಿಂತ. ಆರಡಿಯೂ ನಿಂತ. ಆರು ವಾರದಲ್ಲಿ ಅವನ ಪೂರ್ತಿ ಎತ್ತರ ಮೇಡಂ ನೋಡಿದ್ದು ಆವತ್ತೇ.

ಒಂದು ಉಸಿರು ನಿಂತ. ಆಮೇಲೆ ವಾಕರ್ ಹಿಡಿದ. ವಾಕರ್ ಮುಂದೆ, ಕೆಟ್ಟ ಕಾಲು, ಒಳ್ಳೆ ಕಾಲು. ಕಣ್ಣು ನೆಲದ ಮೇಲಲ್ಲ, ಬಾಗಿಲ ಮೇಲೆ. ನಾನು ಗೋಡೆಗೆ ಮುತ್ತಿಡಲು ಹೋಗಿದ್ದ ಜಾಗ ದಾಟಿದ. ತಿರುವಿನಲ್ಲಿ ಒಂದೇ ಏಟಿಗೆ ತಿರುಗದೆ ಚಿಕ್ಕ ಚಿಕ್ಕ ನಾಲ್ಕು ಹೆಜ್ಜೆಯಲ್ಲಿ ತಿರುಗಿದ. ನಾವು ನಾಲ್ಕು ಜನವೂ ಹಿಂದೆ ಹಿಂದೆ. ಟೇಪಕ್ಕನ ಕೈ ಬೆಲ್ಟಿನ ಹಿಡಿಕೆಗೆ ಎರಡು ಬೆರಳಷ್ಟು ದೂರದಲ್ಲಿ, ಮುಟ್ಟದೆ.

ಬಚ್ಚಲ ಬಾಗಿಲಲ್ಲಿ ಅಜ್ಜ ನಿಂತು ತಿರುಗಿ ನೋಡಿದ. "ಎಲ್ಲರೂ ಒಳಗೆ ಬರ್ತೀರಾ? ಟಿಕೆಟ್ ತಗೊಂಡಿದ್ದೀರಾ?"

ಮೇಡಂ ಬಾಯಿಗೆ ಸೆರಗು ಹಿಡಿದುಕೊಂಡರು. ಟೇಪಕ್ಕ ಬೆಲ್ಟು ಬಿಚ್ಚಿ, "ಚಿಲಕ ಹಾಕ್ಬೇಡಿ, ಗೋಡೆ ಕಂಬಿ ಹಿಡ್ಕೊಂಡು ಕೂತ್ಕೊಳ್ಳಿ" ಅಂದಳು.

"ಗೊತ್ತು ಗೊತ್ತು. ನಡೀ ಆಚೆ, ರಾಕ್ಷಸಿ."

ಬಾಗಿಲು ಮುಚ್ಚಿತು. ಡಾಕ್ಟರು ಮೇಡಂ ಕಡೆ ತಿರುಗಿ ದನಿ ತಗ್ಗಿಸಿ ಹೇಳಿದರು. "ಇವರನ್ನ ಮಲಗಿಸಿದ್ರೆ ಇರೋ ಕಾಲೂ ಹೋಗುತ್ತೆ. ಇಲ್ಲೇ ಇರಲಿ. ಬೇಕಾದ್ರೆ ತಿಂಗಳು ಬಿಟ್ಟು ಇನ್ನೊಂದ್ಸಲ ನೋಡೋಣ." ಮೇಡಂ ತಲೆಯಾಡಿಸಿ, ಉಳಿದವರನ್ನು ತೋರಿಸಲು ಅವರನ್ನು ಕರೆದುಕೊಂಡು ಹೋದರು.

ನಾವಿಬ್ಬರೂ ಬಾಗಿಲ ಹೊರಗೆ ನಿಂತಿದ್ದೆವು. ಅವಳು ಗೋಡೆಗೆ ಒರಗಿ, ಬೆಲ್ಟನ್ನು ನೀಟಾಗಿ ಸುತ್ತಿ ಸುತ್ತಿ ಮತ್ತೆ ಬಿಚ್ಚುತ್ತಿದ್ದಳು. ಕಣ್ಣು ಒದ್ದೆಯಾಗಿತ್ತು. ನಾನು ನೋಡಲಿಲ್ಲ ಅ‍ಂದುಕೊಳ್ಳಲಿ ಅಂತ ಕಿಟಕಿ ನೋಡಿದೆ. ಹೊಗಳುವುದು ನನಗೆ ಬರುವುದಿಲ್ಲ. ಬೈಯುವುದಾದರೆ ಸಲೀಸು.

ಒಳಗೆ ನೀರಿನ ಸದ್ದು. ಆಮೇಲೆ ರಬ್ಬರ್ ಬುಷ್ಷು ನೆಲಕ್ಕೆ ಕೂರುವ ಮೆತ್ತನೆ ಸದ್ದು. ಬಾಗಿಲು ತೆರೆದು ಡ್ರೈವರ್ ಅಜ್ಜ ಬೆಳಗಿನ ಪೇಪರ್ ಓದಿ ಮುಗಿಸಿದವನ ಮುಖ ಮಾಡಿಕೊಂಡು ಹೊರಗೆ ಬಂದ. ನಮ್ಮಿಬ್ಬರನ್ನೂ ನೋಡಿ, ನನ್ನ ಮೇಲೆ ಕಣ್ಣು ನಿಲ್ಲಿಸಿದ.

"ಏನಯ್ಯಾ ರಿಪೇರಿ, ಇಲ್ಲಿ ನಿಂತ್ಕೊಂಡು ಏನ್ಮಾಡ್ತಿದ್ದೀಯ? ಒಳಗೆ ನಲ್ಲಿ ಸೋರ್ತಿದೆ, ನೆಲ ಎಲ್ಲ ಒದ್ದೆ. ಯಾರಾದ್ರೂ ಬೀಳ್ಲಿ ಅಂತ ಕಾಯ್ತಿದ್ದೀಯಾ?"

ನಾನು ಸ್ಪ್ಯಾನರ್ ತರಲು ಶೆಡ್ಡಿಗೆ ಹೋದೆ.